ಬಿಲ್ಡಿಂಗ್ ಇನ್‌ಸ್ಪೆಕ್ಟರ್ ಆಗಲು ಯಾವ ಸರ್ಟಿಫಿಕೇಟ್ ಮಾಡಬೇಕು?

ದಾವಣಗೆರೆಯ ಪಾಲಿಟೆಕ್ನಿಕ್ ಹುಡುಗರಿಂದ ಹಿಡಿದು ಅವರ ಅಪ್ಪಂದಿರವರೆಗೆ ಎಲ್ಲರದೂ ಇದೇ ಪ್ರಶ್ನೆ. ಒಂದು ಪರೀಕ್ಷೆ ಬರೆದು ‘ಇನ್‌ಸ್ಪೆಕ್ಟರ್’ ಎಂಬ ಪರವಾನಗಿ ಪಡೆಯುವ ವ್ಯವಸ್ಥೆ ನಮ್ಮಲ್ಲಿಲ್ಲ. ಯಾರ ಪರವಾಗಿ ತಪಾಸಣೆ ಮಾಡುತ್ತೀರಿ ಅನ್ನುವುದರ ಮೇಲೆ ದಾರಿ ಬೇರೆಯಾಗುತ್ತದೆ.

ಪಾಲಿಕೆಯ ಪರವಾಗಿ ನಕ್ಷೆಗೂ ಕಟ್ಟಿದ್ದಕ್ಕೂ ತಾಳೆ ನೋಡುವವರು ಎಂಜಿನಿಯರ್‌ಗಳು. ಎಸ್ಸೆಸ್ಸೆಲ್ಸಿ ನಂತರ ಮೂರು ವರ್ಷದ ಸಿವಿಲ್ ಡಿಪ್ಲೊಮಾ, ಇಲ್ಲವೇ ಯುಬಿಡಿಟಿ, ಬಿಐಇಟಿಯಂಥ ಎಂಜಿನಿಯರಿಂಗ್ ಕಾಲೇಜಿನಲ್ಲಿ ಬಿಇ, ಆಮೇಲೆ ಸರ್ಕಾರಿ ನೇಮಕಾತಿ ಪರೀಕ್ಷೆ. ಮೂರು ತಿಂಗಳ ಖಾಸಗಿ ಕೋರ್ಸಿಗೆ ಇಲ್ಲಿ ಬೆಲೆಯಿಲ್ಲ.

ಕಂಪನಿಯ ಪರವಾಗಿ ಕಾರ್ಮಿಕರ ಸುರಕ್ಷತೆ ನೋಡುವ ಸೇಫ್ಟಿ ಆಫೀಸರ್ ದಾರಿ ಬೇರೆ. 1948ರ ಕಾರ್ಖಾನೆ ಕಾಯ್ದೆ 1000 ಕಾರ್ಮಿಕರಿರುವಲ್ಲಿ ಈ ಹುದ್ದೆ ಕಡ್ಡಾಯ ಮಾಡಿತ್ತು. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಆ ಮಿತಿಯನ್ನು ಕಾರ್ಖಾನೆಗೆ 500ಕ್ಕೆ ಇಳಿಸಿತು, ಕಟ್ಟಡ ಕಾಮಗಾರಿಗೆ 250 ಎಂದಿತು. ಇದಕ್ಕೆ ಎಂಜಿನಿಯರಿಂಗ್ ಓದು, ಮೇಲ್ವಿಚಾರಣೆಯ ಅನುಭವ, ಜೊತೆಗೆ ರಾಜ್ಯ ಸರ್ಕಾರ ಮಾನ್ಯ ಮಾಡಿದ ಕೈಗಾರಿಕಾ ಸುರಕ್ಷತೆಯ ಡಿಪ್ಲೊಮಾ ಬೇಕು. ಎಡವುವುದು ಈ ‘ಮಾನ್ಯ’ದಲ್ಲೇ. ಫೀಸು ಕಟ್ಟುವ ಮುಂಚೆ ಮಾನ್ಯತೆಯ ಆದೇಶ ಕೇಳಿ ಓದಿ. ನೆಬೋಷ್ ಎಂಬ ಸುರಕ್ಷತಾ ಸರ್ಟಿಫಿಕೇಟ್ ಬ್ರಿಟನ್ನಿನದು, ಗಲ್ಫ್ ಕೆಲಸಕ್ಕೆ ಒಳ್ಳೆಯದು, ಆದರೆ ಈ ಡಿಪ್ಲೊಮಾದ ಜಾಗ ತುಂಬುವುದಿಲ್ಲ.

ಸರಿ, ಕಾಗದ ಸಿಕ್ಕಿತು. ಕೆಲಸ ಇರುವುದು ಮೋಲ್ಡ್ ಹಾಕುವ ಹಿಂದಿನ ಸಂಜೆ. ಟೇಪು, ಟಾರ್ಚು, ಸೀಮೆಸುಣ್ಣ, ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡವಾದ ಐಎಸ್ 456 ಇಷ್ಟಿದ್ದರೆ ಸಾಕು. ಸಾಮಾನ್ಯ ವಾತಾವರಣದಲ್ಲಿ ಸ್ಲ್ಯಾಬಿಗೆ 20 ಮಿ.ಮೀ. ಕವರ್ (ಕಂಬಿಯ ಹೊರಗೆ ಇರಬೇಕಾದ ಕಾಂಕ್ರೀಟಿನ ದಪ್ಪ), ಪಿಲ್ಲರಿಗೆ 40, ಪಾಯಕ್ಕೆ 50. ಈ ಅಂತರ ಕಾಯಲು ಕಂಬಿಯ ಕೆಳಗಿಡುವ ಕವರ್ ಬ್ಲಾಕ್ ಬದಲು ಜಲ್ಲಿ ಚೂರು ಸಿಕ್ಕಿಸಿದ್ದರೆ ತೆಗೆಸಿ. ಕಾಂಕ್ರೀಟ್ ಅದುರಿಸುವ ವೈಬ್ರೇಟರ್ ತಗುಲಿದ ಕೂಡಲೇ ಅದು ಜಾರುತ್ತದೆ.

ಅತಿ ಹೆಚ್ಚು ಹೊತ್ತು ನಿಲ್ಲಬೇಕಾದ್ದು ಬಾಲ್ಕನಿಯ ಹತ್ತಿರ. ಗೋಡೆಯಿಂದ ಹೊರಚಾಚಿದ ಸ್ಲ್ಯಾಬಿನಲ್ಲಿ ಮುಖ್ಯ ಕಂಬಿ ಮೇಲ್ಭಾಗದಲ್ಲಿರಬೇಕು, ಅದನ್ನು ಎತ್ತಿ ಹಿಡಿಯಲು ಚೇರ್, ಅಂದರೆ ಬಗ್ಗಿಸಿದ ಕಂಬಿಯ ಕಾಲು, ಇರಬೇಕು. ಇಲ್ಲದಿದ್ದರೆ ಕಾಂಕ್ರೀಟ್ ಬುಟ್ಟಿ ಹೊತ್ತವರ ಕಾಲ್ತುಳಿತಕ್ಕೆ ಕಂಬಿ ತಳ ಸೇರುತ್ತದೆ. 125 ಮಿ.ಮೀ. ಸ್ಲ್ಯಾಬಿನಲ್ಲಿ ಕಂಬಿ 50 ಮಿ.ಮೀ. ಕುಸಿದರೆ ಬಲ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಮೇಲಿನಿಂದ ನೋಡಿದರೆ ಏನೂ ಗೊತ್ತಾಗದು. ಸೆಂಟ್ರಿಂಗ್ ಬಿಚ್ಚಿದ ದಿನ ಗೋಡೆಯ ಅಂಚಿನಲ್ಲಿ ಬಿರುಕು ಬಾಯಿ ಬಿಡುತ್ತದೆ. ಹಾಗಾಗಿ ಕಂಬಿಯ ಮೇಲೆ ಹಲಗೆ ಹಾಸಿ, ಅದರ ಮೇಲೇ ಓಡಾಡಿ ಅಂತ ಮೇಸ್ತ್ರಿಗೆ ಹೇಳುವುದೂ ತಪಾಸಣೆಯೇ.

ಸೆಂಟ್ರಿಂಗಿನ ಆಸರೆ ಕಂಬಗಳು 4.5 ಮೀಟರ್‌ವರೆಗಿನ ಅಂತರದ ಸ್ಲ್ಯಾಬಿಗೆ 7 ದಿನ, 6 ಮೀಟರ್‌ವರೆಗಿನ ಬೀಮಿಗೆ 14 ದಿನ ಇರಬೇಕು. ಇದು ಓಪಿಸಿ, ಅಂದರೆ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಲೆಕ್ಕ. ಹಾರುಬೂದಿಯಂಥದ್ದು ಬೆರೆಸಿದ ಪಿಪಿಸಿ ಸಿಮೆಂಟು ನಿಧಾನಕ್ಕೆ ಗಟ್ಟಿಯಾಗುವುದರಿಂದ ದಿನ ಹೆಚ್ಚಿಸಿ. ಬಾಡಿಗೆ ಉಳಿಸಲು ಐದನೇ ದಿನವೇ ಬಿಚ್ಚುವ ಗುತ್ತಿಗೆದಾರರಿದ್ದಾರೆ.

ನಮ್ಮ ಕಡೆಯ ಇನ್ನೊಂದು ಪಾಠ ಎರೆಮಣ್ಣು. ಗದ್ದೆಯಾಗಿದ್ದ ನೆಲದ ಬಡಾವಣೆಗಳಲ್ಲಿ ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವ ಮಣ್ಣು ಪಾಯವನ್ನೇ ಎತ್ತಿ ಇಳಿಸುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಏಳುತ್ತದೆ. ಇಂಥ ಮನೆ ನೋಡಿದಾಗ ತಕ್ಷಣ ತೀರ್ಪು ಬೇಡ. ಬಿರುಕಿನ ಎರಡೂ ತುದಿಗೆ ಅಡ್ಡಗೆರೆ ಎಳೆದು ತಾರೀಖು ಬರೆಯಿರಿ, ಅಗಲ ಅಳೆಯಿರಿ, ಮಳೆಗಾಲ ಕಳೆದ ಮೇಲೆ ಮತ್ತೆ ಅಳೆಯಿರಿ. ಗೆರೆ ದಾಟಿ ಬೆಳೆದಿದ್ದರೆ ಪಾಯ ಇನ್ನೂ ಅಲುಗುತ್ತಿದೆ, ಗಾರೆ ಮೆತ್ತಿ ಫಲವಿಲ್ಲ.

ವರದಿಯಲ್ಲಿ ‘ಗೋಡೆ ಬಿರುಕು ಬಿಟ್ಟಿದೆ’ ಅಂತ ಬರೆದರೆ ಯಾರಿಗೂ ಉಪಯೋಗವಿಲ್ಲ. ‘ಪೂರ್ವದ ಕಿಟಕಿಯ ಎಡ ಕೆಳಮೂಲೆ, ಓರೆ ಬಿರುಕು, ಉದ್ದ 600 ಮಿ.ಮೀ., ಅಗಲ 3 ಮಿ.ಮೀ.’ ಎಂದು ಬರೆದು, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ಲಗತ್ತಿಸಿ.