"ಇದು ಒರಿಜಿನಲ್ಲಾ?" ಅಂತ ಕೇಳೋರಿಗೆಲ್ಲ

ಹಳೇ ಸೈನಿಕರ ಬಟ್ಟೆ-ಸಾಮಾನು ಇಟ್ಟಿರೋ ನನ್ನ ಬೀರು ಬಾಗಿಲು ತೆಗೆದ್ರೆ ಸಾಕು, ಬಂದೋರೆಲ್ಲ ಕೇಳೋದು ಇದೊಂದೇ. ಅರ್ಧಕ್ಕರ್ಧ ಹೊಸದಾಗಿ ಮಾಡಿಸಿದ್ದು ಅಂದ ತಕ್ಷಣ ಮುಖ ಸಪ್ಪಗೆ, "ಡೂಪ್ಲಿಕೇಟಿಗೆ ಯಾಕಪ್ಪಾ ದುಡ್ಡು ಸುರೀತೀಯ" ಅಂತಾರೆ.

ನಾನು ಸೇರಿಸೋದು ಎರಡನೇ ಮಹಾಯುದ್ಧದಲ್ಲಿ ಬರ್ಮಾ ಕಡೆ ಹೋದ ನಮ್ಮೋರ ಬಟ್ಟೆ, ಬೆಲ್ಟು, ಬಾಟ್ಲಿ. ಬಂದೂಕು ಮುಟ್ಟಲ್ಲ, ಲೈಸೆನ್ಸ್ ತಲೆನೋವು ಯಾರಿಗೆ ಬೇಕು. ಈಗಿನ ಆರ್ಮಿ ಡ್ರೆಸ್ಸಂತೂ ಬೇಡವೇ ಬೇಡ, 2022ರ ಹೊಸ ಕಾಂಬ್ಯಾಟ್ ಡಿಸೈನ್ ಸೈನ್ಯದ ಹೆಸರಲ್ಲೇ ರಿಜಿಸ್ಟರ್ ಆಗಿದೆ.

ಆಗಿನ ಇಂಡಿಯನ್ ಆರ್ಮಿಲಿ ಇದ್ದೋರು 25 ಲಕ್ಷ ಜನ, ಆದ್ರೂ ಆ ಬಟ್ಟೆ ಇವತ್ತು ಸಿಗೋದು ಕಷ್ಟ ಯಾಕಂದ್ರೆ ಯುದ್ಧ ಮುಗಿಸಿ ಬಂದೋರು ಯಾರೂ ಅದನ್ನ ಮಡಚಿ ಇಡಲಿಲ್ಲ, ಹೊಲದಲ್ಲಿ ಹಾಕ್ಕೊಂಡು ಹರಿದ್ರು ಅಂತ ನನ್ನ ಲೆಕ್ಕ. ಸಿಕ್ಕಿದ್ದೂ ಹತ್ತಿ, ಮಡಿಕೆಯಲ್ಲೇ ಜುಂಯ್ ಅಂತ ಸೀಳುತ್ತೆ. ದಾವಣಗೆರೆ ಏಪ್ರಿಲ್ ಬಿಸಿಲಲ್ಲಿ ಅದನ್ನ ಹಾಕ್ಕೊಂಡು ಸ್ಕೂಲ್ ಹುಡುಗ್ರಿಗೆ ತೋರ್ಸೋಕೆ ಆಗುತ್ತಾ? ಬೆವರು ಬಿದ್ರೆ ಕಥೆ ಮುಗೀತು. ಅದಕ್ಕೇ ಹಾಕ್ಕೊಳ್ಳೋಕೆ, ಹುಡುಗ್ರು ಮುಟ್ಟೋಕೆ ರಿಪ್ರೊಡಕ್ಷನ್, ಅಂದ್ರೆ ಹಳೇದರ ಥರಾನೇ ಹೊಸದಾಗಿ ಮಾಡಿಸಿದ್ದು. ಅಂದಹಾಗೆ ಇಂಗ್ಲೆಂಡ್ ಅಮೆರಿಕದಲ್ಲಿ ಯೂನಿಫಾರ್ಮ್ ಹಾಕಿ ಅಣಕು ಯುದ್ಧ ಮಾಡ್ತಾರಲ್ಲ, ಅವ್ರ ಎಷ್ಟೋ ಬೆಲ್ಟು ಚೀಲ ಈಗ ಇಂಡಿಯಾದಲ್ಲೇ ಹೊಲಿಯೋದು.

ನನ್ನ ಹತ್ರ ಇರೋದ್ರಲ್ಲಿ ನೀರಿನ ಬಾಟ್ಲಿ ನನಗೆ ಭಾಳ ಇಷ್ಟ. ನೀಲಿ ಎನಾಮಲ್, ಮೇಲೆ ಖಾಕಿ ಉಣ್ಣೆಯ ಕವರ್, ದಾರ ಕಟ್ಟಿದ ಬೆಂಡಿನ ಬಿರಡೆ. ಕವರ್ ಒದ್ದೆ ಮಾಡಿದ್ರೆ ನೀರು ತಣ್ಣಗಿರುತ್ತೆ. ಬಾಯಿ ಹತ್ರ ಎನಾಮಲ್ ಚಕ್ಕೆ ಎದ್ದು ತುಕ್ಕು ಕಾಣುತ್ತೆ, ಉಣ್ಣೆಗೆ ನುಸಿ ಹಿಡೀದಂಗೆ ಬೇವಿನ ಎಲೆ ಹಾಕಿಟ್ಟಿದೀನಿ.

ಒರಿಜಿನಲ್ ಅಂತ ಹೆಂಗೆ ಗೊತ್ತಾಗುತ್ತೆ? 1937 ಪ್ಯಾಟರ್ನ್ ಅಂತಾರಲ್ಲ, ಆ ಯುದ್ಧದಲ್ಲಿ ಸೈನಿಕರು ಹಾಕ್ತಿದ್ದ ಬ್ರಿಟಿಷ್ ಮಾದರಿ, ಅದರ ಬೆಲ್ಟು ಚೀಲದ ಒಳಗಡೆ ಬಾಣದ ಗುರುತಿನ ಸರ್ಕಾರಿ ಸ್ಟ್ಯಾಂಪ್ ಹುಡುಕ್ತೀನಿ, ಆದ್ರೆ ಸ್ಟ್ಯಾಂಪ್ ಯಾರು ಬೇಕಾದ್ರೂ ಒತ್ತಬಹುದು, ಟೀ ಡಿಕಾಕ್ಷನ್ನಲ್ಲಿ ಅದ್ದಿ ಹಳೇದು ಮಾಡೋ ಕಲಾವಿದರೂ ಇದಾರೆ. ನಾನು ನಂಬೋದು ದಾರವನ್ನ. ಒಂದೆಳೆ ಕಿತ್ತು ಸುಟ್ರೆ ಹತ್ತಿ ಕಾಗದದ ವಾಸನೆ ಬಂದು ಬೂದಿ ಆಗುತ್ತೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿ ಆಗುತ್ತೆ, ಆ ಕಾಲದ ಹೊಲಿಗೇಲಿ ಪಾಲಿಯೆಸ್ಟರ್ ಇರೋಕೆ ಚಾನ್ಸೇ ಇಲ್ಲ. ಯುವಿ (ನೇರಳಾತೀತ ಬೆಳಕಿನ) ಟಾರ್ಚಲ್ಲಿ ಹೊಳೆದ್ರೆ ಡೂಪ್ಲಿಕೇಟ್ ಅಂತ ಹೇಳೋರಿದಾರೆ, ಪೂರ್ತಿ ನಂಬಬೇಡಿ, ಹಳೇ ಶರ್ಟನ್ನೇ ಆಮೇಲೆ ಡಿಟರ್ಜೆಂಟಲ್ಲಿ ಒಗೆದಿದ್ರೂ ಹೊಳೆಯುತ್ತೆ. ಪದಕ ಆದ್ರೆ ಸ್ವಲ್ಪ ಸುಲಭ, ಬರ್ಮಾದಲ್ಲಿ ಹೋರಾಡಿದೋರಿಗೆ ಸಿಕ್ಕ ಬರ್ಮಾ ಸ್ಟಾರ್ ಪದಕನ ಬ್ರಿಟಿಷ್ ಸೈನಿಕರಿಗೆ ಹೆಸರಿಲ್ಲದೇ ಕೊಟ್ರು, ನಮ್ಮೋರದ್ರ ಮೇಲೆ ಹೆಸರು ನಂಬರ್ ಒತ್ತಿರ್ತಾರೆ.

ರಿಪ್ರೊಡಕ್ಷನ್ ಬಗ್ಗೆ ನಂಗೇನೂ ಬೇಜಾರಿಲ್ಲ, ಅದನ್ನ ಒರಿಜಿನಲ್ ಅಂತ ಮಾರೋರ ಬಗ್ಗೆ ಇದೆ. ಹಂಗಾಗಿ ನಾನು ತಗೊಂಡ ಪ್ರತಿ ಹೊಸ ಐಟಂ ಒಳಗೂ ಅಳಿಸದ ಮಾರ್ಕರಲ್ಲಿ "ಹೊಸದು" ಅಂತ ಬರೆದು ಇಸವಿ ಹಾಕಿಬಿಡ್ತೀನಿ, ನಾಳೆ ನಮ್ಮನೆಯೋರು ಇದನ್ನೆಲ್ಲ ಗುಜರಿಗೆ ಹಾಕಿದ್ರೂ ತಗೊಂಡೋನು ಮೋಸ ಹೋಗಬಾರ್ದು ನೋಡ್ರಿ.