ಗೋಕಾಕದ ಕಟ್ಟಿಗೆ ಹಣ್ಣು ವಿಮಾನ ಹತ್ತುವ ಮುಂಚೆ

ಗೋಕಾಕದ ಕಟ್ಟಿಗೆ ಮಾವಿನಹಣ್ಣು ಎಕ್ಸ್‌ರೇ ಪರದೆ ಮೇಲೆ ಹಣ್ಣಿನ ಆಕಾರದಲ್ಲೇ ಕಾಣುತ್ತದೆ. ಸಿಡ್ನಿಯಲ್ಲೋ ಆಕ್ಲೆಂಡ್‌ನಲ್ಲೋ ಇಳಿದವರ ಬ್ಯಾಗ್ ಬಿಚ್ಚಿಸಲು ಅಷ್ಟೇ ಸಾಕು, ಏಕೆಂದರೆ ಕಟ್ಟಿಗೆಯೊಳಗೆ ಹುಳ ಬಂದೀತೆಂಬ ಭಯ ಅಲ್ಲಿನವರಿಗೆ. ಇಳಿಯುವ ಮುಂಚೆ ತುಂಬುವ ಫಾರ್ಮಿನಲ್ಲಿ ಕಟ್ಟಿಗೆ ಸಾಮಾನಿನ ಪ್ರಶ್ನೆಗೆ ‘ಹೌದು’ ಎಂದಿದ್ದರೆ ಹೆದರುವ ಕಾರಣವಿಲ್ಲ. ಅಧಿಕಾರಿ ನೋಡುತ್ತಾರೆ, ಸರಿ ಇದ್ದರೆ ವಾಪಸ್ ಕೊಡುತ್ತಾರೆ. ‘ಇಲ್ಲ’ ಎಂದು ಸಿಕ್ಕಿಬಿದ್ದರೆ ನ್ಯೂಜಿಲೆಂಡ್‌ನಲ್ಲಿ ಅಲ್ಲೇ 400 ಡಾಲರ್ ದಂಡ. ಆಸ್ಟ್ರೇಲಿಯಾದಲ್ಲಿ ದಂಡದ ಜೊತೆಗೆ ವೀಸಾ ಕೂಡ ರದ್ದಾಗಬಹುದು. ಅನುಮಾನ ಇದ್ದಾಗಲೂ ‘ಹೌದು’ ಎಂದೇ ತುಂಬಿ. ಅದೇ ಬ್ಯಾಗಿನ ಕರದಂಟನ್ನೂ ತಿನಿಸಿನ ಪ್ರಶ್ನೆಗೆ ಹೇಳಲೇಬೇಕು. ಬೆಳಗಾವಿ ಕುಂದಾ ಹಾಲಿನ ಪದಾರ್ಥ, ಆಸ್ಟ್ರೇಲಿಯಾಕ್ಕೆ ಒಯ್ಯುವ ಆಸೆ ಬಿಡುವುದೇ ಒಳ್ಳೆಯದು.

ಆದರೆ ಸಾಮಾನು ಪಾಸಾಗುವುದು, ಬಿಡುವುದು ಅಂಗಡಿಯಲ್ಲೇ ಅರ್ಧ ನಿರ್ಧಾರವಾಗಿರುತ್ತದೆ. ಅಧಿಕಾರಿ ಹುಡುಕುವುದು ತೊಗಟೆ, ತೂತು, ಹುಡಿ, ಮಣ್ಣು. ನೀವೂ ಅದನ್ನೇ ಹುಡುಕಿ. ಲಟ್ಟಣಿಗೆ, ಕಡಗೋಲು, ಆಟಿಕೆ ಯಾವುದೇ ಇರಲಿ, ತಿರುಗಿಸಿ ತಳ ನೋಡಿ; ಬಣ್ಣ ಹಚ್ಚದೆ ಬಿಟ್ಟಿರುವ ಜಾಗ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಕಟ್ಟಿಗೆ ಕೊರೆಯುವ ಕುಟ್ಟೆ ಹುಳ ಹೊರಬಂದ ತೂತು ಒಂದೆರಡು ಮಿಲಿಮೀಟರ್, ಗುಂಡುಸೂಜಿಯ ತಲೆಯಷ್ಟು. ತೂತಿನ ಅಂಚು ಹೊಸ ಕಟ್ಟಿಗೆಯ ಹಾಗೆ ಬಿಳಿಚಿಕೊಂಡಿದ್ದು, ತಟ್ಟಿದಾಗ ಮೈದಾದಂಥ ನುಣುಪಾದ ಹುಡಿ ಉದುರಿದರೆ ಹುಳ ಈಗಲೂ ಒಳಗಿದೆ ಎಂದೇ ತಿಳಿಯಿರಿ. ಅಂಚು ಕಪ್ಪಾಗಿ, ಹುಡಿ ಉದುರದಿದ್ದರೆ ಹಳೆಯ ತೂತು ಇರಬಹುದು. ಆದರೂ ಅದನ್ನು ಬಿಟ್ಟು ಬೇರೆ ಆರಿಸಿ, ಏಕೆಂದರೆ ಕೌಂಟರಿನಲ್ಲಿ ಹಳೆಯದು, ಹೊಸದು ಎಂಬ ವಾದ ನಡೆಯುವುದಿಲ್ಲ.

ರಜೆಯ ಕೊನೆಯ ದಿನ ಕೊಳ್ಳಬೇಡಿ. ಎರಡು ವಾರ ಮುಂಚೆ ಕೊಂಡು, ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿ ಕಪ್ಪು ಕಾಗದದ ಮೇಲಿಟ್ಟು ಬಾಯಿ ಕಟ್ಟಿ. ಹುಡಿ ಬಿದ್ದರೆ ಕಣ್ಣಿಗೆ ಕಾಣುತ್ತದೆ. ಬೀಳದಿದ್ದರೆ ಪೂರ್ತಿ ಸುರಕ್ಷಿತ ಎಂದಲ್ಲ. ಮರಿಹುಳ ತಿಂಗಳುಗಟ್ಟಲೆ ಒಳಗೇ ಕೊರೆಯುತ್ತ ಕೂರಬಲ್ಲದು.

ಬಣ್ಣ ಬಳಿದಿದೆ, ಅರಗು ಹಾಕಿದೆ, ಇನ್ನೇನು ಭಯ ಎಂದು ಅಂಗಡಿಯವರು ಹೇಳುವುದುಂಟು. ಬಣ್ಣದ ಮೇಲೆ ಹುಳ ಹೊಸದಾಗಿ ಮೊಟ್ಟೆ ಇಡುವುದು ಕಷ್ಟ, ಅಷ್ಟು ನಿಜ. ಒಳಗೆ ಮೊದಲೇ ಇರುವ ಹುಳ ಮಾತ್ರ ಬಣ್ಣವನ್ನೂ ಕೊರೆದು ಹೊರಬರುತ್ತದೆ. ಇದರ ಜೊತೆ ಇನ್ನೊಂದು ತೊಡಕು: ಹುಳ ಕೊಲ್ಲಲು ಹಾಕುವ ಮೀಥೈಲ್ ಬ್ರೋಮೈಡ್ ಅನಿಲದ ಹೊಗೆ ಬಣ್ಣದ ಪದರ ದಾಟಿ ಒಳಗೆ ಸರಿಯಾಗಿ ಇಳಿಯುವುದಿಲ್ಲ. ಹೊಗೆ ಹಾಕಿಸುವುದಾದರೆ ಬಣ್ಣ ಬಳಿಯುವ ಮುಂಚೆಯೇ ಹಾಕಿಸಬೇಕು. ಮನೆಯ ಓವನ್‌ನಲ್ಲಿ ಕಾಯಿಸಲು ಹೋದರೆ ಅರಗು ಮೆತ್ತಗಾಗಿ ಬಣ್ಣ ಕೆಡುತ್ತದೆ, ಕಟ್ಟಿಗೆ ಸೀಳುತ್ತದೆ. ಅಧಿಕಾರಿಗಳು ಮನೆಯಲ್ಲೇ ಮಾಡಿದ, ಹುಳ ಕೊಲ್ಲುವ ಇಂಥ ಉಪಚಾರವನ್ನು ಲೆಕ್ಕಕ್ಕೆ ಹಿಡಿಯುವುದೂ ಇಲ್ಲ. ಆಸ್ಟ್ರೇಲಿಯಾದಲ್ಲಿ ಹುಳದ ಗುರುತು ಸಿಕ್ಕಿದರೆ ನಿಮ್ಮ ಖರ್ಚಿನಲ್ಲಿ ಉಪಚಾರ ಮಾಡಿಸುವುದು, ದೇಶದಿಂದ ಹೊರಗೆ ಕಳಿಸುವುದು, ಇಲ್ಲವೇ ನಾಶಕ್ಕೆ ಒಪ್ಪಿಸುವುದು. ಬಣ್ಣದ ಆಟಿಕೆಗೆ ಗಾಮಾ ಕಿರಣದ ಉಪಚಾರ ಕೇಳಿನೋಡಿ. ಅದರಲ್ಲಿ ಶಾಖವಿಲ್ಲ, ಬಣ್ಣದ ಪದರವೂ ಅಡ್ಡಬರುವುದಿಲ್ಲ. ಖರ್ಚು ಸಾಮಾನಿನ ಬೆಲೆಗಿಂತ ಹೆಚ್ಚಾಗಬಹುದು, ಅದಕ್ಕೇ ಕೊಳ್ಳುವಾಗಿನ ಐದು ನಿಮಿಷದ ಪರೀಕ್ಷೆಗೆ ಇಷ್ಟು ಒತ್ತು.

ಪ್ಯಾಕಿಂಗ್‌ನಲ್ಲಿ ಎಡವುವವರು ಇನ್ನೂ ಹೆಚ್ಚು. ಆಟಿಕೆ ಒಡೆಯಬಾರದೆಂದು ಹುಲ್ಲು, ಜೋಳದ ಕಣಿಕೆ, ಹೊಟ್ಟು ತುಂಬಿ ಹಳೆಯ ಗೋಣಿತಾಟಿನಲ್ಲಿ ಸುತ್ತುತ್ತಾರೆ. ಇಂಥವುಗಳಲ್ಲಿ ಅಡಗಬಲ್ಲ, ಕಾಳು ತಿನ್ನುವ ಖಾಪ್ರಾ ಹುಳ ನಮ್ಮ ಉಪಖಂಡದ್ದೇ. ಆಸ್ಟ್ರೇಲಿಯಾ, ಅಮೆರಿಕ ಎರಡೂ ಅದಕ್ಕೆ ವಿಪರೀತ ಹೆದರುತ್ತವೆ. ಕಟ್ಟಿಗೆ ಚೊಕ್ಕ ಇದ್ದರೂ ಹುಲ್ಲಿನಿಂದಾಗಿ ಇಡೀ ಪೊಟ್ಟಣ ಹೋಗುತ್ತದೆ. ಬಬಲ್ ಶೀಟು, ಒಗೆದ ಬಟ್ಟೆ ಸಾಕು.

ದೊಡ್ಡ ಸಾಮಾನನ್ನು ಕಟ್ಟಿಗೆ ಪೆಟ್ಟಿಗೆಯಲ್ಲಿ ಕಾರ್ಗೋಕ್ಕೆ ಹಾಕಿದರೆ ಪೆಟ್ಟಿಗೆಗೆ ಐಎಸ್‌ಪಿಎಂ 15 (ಪ್ಯಾಕಿಂಗ್ ಕಟ್ಟಿಗೆಯ ಅಂತರರಾಷ್ಟ್ರೀಯ ನಿಯಮ) ಮುದ್ರೆ ಬೇಕು: ತೆನೆಯ ಚಿತ್ರ, ದೇಶದ ಸಂಕೇತ, ಉಪಚಾರದ ಗುರುತು. ಶಾಖದ ಉಪಚಾರವಾದರೆ ಕಟ್ಟಿಗೆಯ ನಡುಭಾಗ ಸತತ 30 ನಿಮಿಷ 56 ಡಿಗ್ರಿ ಸೆಲ್ಸಿಯಸ್ ಇರಬೇಕು. ಈ ಮುದ್ರೆ ಪೆಟ್ಟಿಗೆಗೆ ಮಾತ್ರ, ಒಳಗಿನ ಸಾಮಾನಿಗಲ್ಲ. ಇಷ್ಟೆಲ್ಲ ಬಿಗಿ ಯಾಕೆಂದರೆ, ಏಷ್ಯಾದ ಉದ್ದಮೀಸೆಯ ದುಂಬಿ ಪ್ಯಾಕಿಂಗ್ ಕಟ್ಟಿಗೆಯಲ್ಲೇ ಅಮೆರಿಕ ಸೇರಿ, 1996ರಲ್ಲಿ ನ್ಯೂಯಾರ್ಕಿನ ಮರಗಳಲ್ಲಿ ಸಿಕ್ಕಿತ್ತು.

ಮೀರಜದಿಂದ ತಂಬೂರಿ ತರಿಸಿ ಒಯ್ಯುವವರು ನಮ್ಮ ಕಡೆ ಬಹಳ. ತಂಬೂರಿಯ ಸೋರೆ ಬುರುಡೆಯೂ ಸಸ್ಯವಸ್ತುವೇ, ಅದನ್ನೂ ಹೇಳಿ. ಹಳೆಯ ವಾದ್ಯದಲ್ಲಿ ತಂತಿ ಕೂರುವ ಕುದುರೆ ಜಿಂಕೆ ಕೊಂಬಿನದೋ, ಕೆತ್ತನೆಯಲ್ಲಿ ದಂತ ಇದೆಯೋ ನೋಡಿ; ಇದ್ದರೆ 1972ರ ವನ್ಯಜೀವಿ ಕಾಯ್ದೆ ಅಡ್ಡ ಬರುತ್ತದೆ. ಬೀಟೆ, ಶೀಸಂ 2017ರಿಂದ ಸೈಟಿಸ್ (ಅಪಾಯದಲ್ಲಿರುವ ಪ್ರಾಣಿ, ಸಸ್ಯಗಳ ವ್ಯಾಪಾರಕ್ಕೆ ಲಗಾಮು ಹಾಕುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿವೆ. ರಕ್ತಚಂದನದ ಸಾಮಾನನ್ನು ಮುಟ್ಟಲೇಬೇಡಿ.

ಬಾಲಿಯಿಂದಲೋ ಕೆನ್ಯಾದಿಂದಲೋ ಕೆತ್ತನೆ ತರುವವರಿಗೂ ಇದೇ ಪರೀಕ್ಷೆ. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ವಿದೇಶದ ವಿಮಾನ ಇಳಿಯುವುದಿಲ್ಲ, ಹಾಗಾಗಿ ಕಸ್ಟಮ್ಸ್ ಸಾಮಾನ್ಯವಾಗಿ ಮುಂಬೈ, ಬೆಂಗಳೂರು ಅಥವಾ ಗೋವಾದಲ್ಲೇ ಮುಗಿಯುತ್ತದೆ. ಕಟ್ಟಿಗೆ ಸಾಮಾನು, ಅಂಗಡಿಯ ಬಿಲ್ಲು ಎರಡನ್ನೂ ಬ್ಯಾಗಿನ ಮೇಲ್ಭಾಗದಲ್ಲೇ ಇಡಿ. ಬಿಚ್ಚಿ, ತೋರಿಸಿ, ಮತ್ತೆ ಕಟ್ಟಿ ಬೆಳಗಾವಿ ವಿಮಾನ ಹಿಡಿಯಲು ಎರಡು ವಿಮಾನಗಳ ನಡುವೆ ಕಡಿಮೆಯೆಂದರೂ ನಾಲ್ಕು ತಾಸು ಬಿಡುವು ಇಟ್ಟುಕೊಂಡೇ ಟಿಕೆಟ್ ತೆಗೆಸಿ.