ಕೋಳಿಗೊಂದು ಕಾನೂನು, ಅಂಕಲ್‌ಗೆ?

ಪಕ್ಕದ ಮನೆಯವನು ಅಕೌಂಟೆಂಟ್. ನಲವತ್ತು ದಾಟಿದೆ, ಬಸ್ಸಿಗೆ ನಾಲ್ಕು ಹೆಜ್ಜೆ ಓಡಿದರೆ ಏದುಸಿರು. ಹೋದ ವಾರ ಬಾಗಿಲು ತಟ್ಟಿ ಬಾಕ್ಸಿಂಗ್ ಟಿಕೆಟ್ ಮುಂದೆ ಹಿಡಿದ. ಗುದ್ದಾಡುವವನು ತಾನೇ! ನಾನಿರುವ ಇಂಗ್ಲೆಂಡಿನಲ್ಲಿ ಇದಕ್ಕೆ ವೈಟ್ ಕಾಲರ್ ಬಾಕ್ಸಿಂಗ್ ಅಂತಾರೆ. ಆಫೀಸಿನ ಜನ ಕೆಲವು ವಾರ ಜಿಮ್ಮಿನಲ್ಲಿ ಕಲಿತು, ನಂಟರಿಷ್ಟರ ಮುಂದೆ ರಿಂಗ್ ಹತ್ತುತ್ತಾರೆ. ದುಡ್ಡು ಕ್ಯಾನ್ಸರ್ ಸಂಸ್ಥೆಗೆ. ವೃತ್ತಿಪರ ಬಾಕ್ಸಿಂಗ್ ಮಂಡಳಿಯ ಲೈಸೆನ್ಸ್ ಇದಕ್ಕೆ ಬೇಕಿಲ್ಲ.

ಅವನು ಹೋದ ಮೇಲೆ ಮಗಳು ಕೇಳಿದಳು: "ಅಜ್ಜಿ ಊರಲ್ಲಿ ಕೋಳಿ ಜಗಳ ಆಡಿಸಿದ್ರೆ ಪೊಲೀಸ್ ಬರ್ತಾರಂತೆ. ಅಂಕಲ್ ಜಗಳ ಆಡಿದ್ರೆ ಯಾಕಪ್ಪಾ ಬರಲ್ಲ?"

ಅಂಕಲ್ ಇಷ್ಟಪಟ್ಟು ಆಡ್ತಾರೆ, ಕೋಳಿಯನ್ನ ಯಾರೂ ಕೇಳಲ್ಲ ಅಂದೆ. ಅವಳಿಗೆ ಅದು ಸಾಕಾಯಿತು, ನನಗೆ ಸಾಕಾಗಲಿಲ್ಲ. ಇಂಗ್ಲೆಂಡಿನಲ್ಲಿ 1835ರಲ್ಲೇ ಕೋಳಿ ಅಂಕಕ್ಕೆ ನಿಷೇಧ ಬಿತ್ತು. ನಮ್ಮಲ್ಲಿ 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಇದೆ. ಕಂಬಳದ ಕೋಣಕ್ಕೆ ಬೀಳುವ ಏಟಿನ ಬಗ್ಗೆ ಹೈಕೋರ್ಟು, ವಿಧಾನಸಭೆ, ಕೊನೆಗೆ 2023ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದವರೆಗೆ ವಾದ ನಡೆಯಿತು. ಅದೇ ವರ್ಷ ನವೆಂಬರಿನಲ್ಲಿ ಬೆಂಗಳೂರು ಅರಮನೆ ಮೈದಾನದಲ್ಲೇ ಕೋಣಗಳು ಓಡಿದವು. ಬೇಡ ಅನ್ನುವುದಿಲ್ಲ, ಕೋಣಕ್ಕೂ ನೋವಾಗುತ್ತದೆ. ಆದರೆ 2022ರ ಜುಲೈನಲ್ಲಿ ಅದೇ ಬೆಂಗಳೂರಿನ ಕಿಕ್‌ಬಾಕ್ಸಿಂಗ್ ಪಂದ್ಯವೊಂದರಲ್ಲಿ ಮೈಸೂರಿನ ಇಪ್ಪತ್ಮೂರರ ಹುಡುಗ ಏಟು ತಿಂದು ಬಿದ್ದ, ಆಸ್ಪತ್ರೆಯಲ್ಲಿ ತೀರಿಕೊಂಡ. ಪಂದ್ಯದ ಜಾಗದಲ್ಲಿ ಆಂಬುಲೆನ್ಸ್ ಇರಲಿಲ್ಲ, ಚಿಕಿತ್ಸೆಗೆ ಏರ್ಪಾಡಿರಲಿಲ್ಲ ಅಂತ ಮನೆಯವರು ದೂರು ಕೊಟ್ಟರು. ಸಂಘಟಕರ ಮೇಲೆ ನಿರ್ಲಕ್ಷ್ಯದ ಕೇಸಾಯಿತು. ಅವನು ಬೀಳುವ ವಿಡಿಯೊ ನನಗೆ ಇಲ್ಲಿಗೂ ಬಂತು, ಫಾರ್ವರ್ಡ್ ಆಗಿ.

ಹಾಗಾದರೆ ನಿಷೇಧಿಸಿಬಿಡೋಣವೆ? ನಾರ್ವೆ ಮಾಡಿ ನೋಡಿತು. ಎಂಬತ್ತರ ದಶಕದ ಆರಂಭದಿಂದ 2014ರವರೆಗೆ ಅಲ್ಲಿ ವೃತ್ತಿಪರ ಬಾಕ್ಸಿಂಗ್ ಇರಲಿಲ್ಲ. ಅಲ್ಲಿಯ ವಿಶ್ವ ಚಾಂಪಿಯನ್ ಸಿಸಿಲಿಯಾ ಬ್ರೆಕಸ್ ಜರ್ಮನಿ, ಡೆನ್ಮಾರ್ಕ್ ಅಂತ ಹೊರಗೆ ಹೋಗಿ ಗುದ್ದಾಡಿದರು. ನಮ್ಮಲ್ಲಿ ಜರ್ಮನಿಯವರೆಗೆ ಯಾರು ಹೋಗುತ್ತಾರೆ? ಊರಾಚೆಯ ಗೋಡೌನಿಗೆ ಹೋಗುತ್ತಾರೆ, ಅಷ್ಟೇ.

ನನಗೆ ಹೆಚ್ಚು ಹಿಡಿಸಿದ್ದು ಮೈಕೆಲ್ ವಾಟ್ಸನ್ ಕೇಸು. 1991ರಲ್ಲಿ ಲಂಡನ್ನಿನಲ್ಲಿ ಕ್ರಿಸ್ ಯೂಬ್ಯಾಂಕ್ ಜತೆ ಆಡಿ ಕುಸಿದ ವಾಟ್ಸನ್‌ಗೆ ಸಕಾಲಕ್ಕೆ ಚಿಕಿತ್ಸೆ ಸಿಗಲಿಲ್ಲ. ಮೊದಲು ಒಯ್ದ ಆಸ್ಪತ್ರೆಯಲ್ಲಿ ಮಿದುಳಿನ ಆಪರೇಷನ್ ಮಾಡುವ ಸೌಲಭ್ಯವೇ ಇರಲಿಲ್ಲ. ಬದುಕಿದರು, ಆದರೆ ವರ್ಷಗಟ್ಟಲೆ ಗಾಲಿಕುರ್ಚಿ. ಬಾಕ್ಸಿಂಗ್ ಮಂಡಳಿಯನ್ನೇ ಕೋರ್ಟಿಗೆಳೆದು ಗೆದ್ದರು. ಏಟು ಬಿದ್ದದ್ದಕ್ಕಲ್ಲ, ಬಿದ್ದವನನ್ನು ನೋಡಿಕೊಳ್ಳುವ ಏರ್ಪಾಡು ಸಾಲದೆ ಹೋದದ್ದಕ್ಕೆ ಮಂಡಳಿ ಹೊಣೆಯಾಯಿತು.

ಏಟು ಎಲ್ಲಿಗೆ ನಿಲ್ಲಬೇಕು ಅಂತ ಮೊದಲೇ ಗೊತ್ತುಮಾಡುವುದು ನಮ್ಮ ಹಳಬರಿಗೆ ಹೊಸ ವಿಷಯವೇನಲ್ಲ. ಚಿಕ್ಕವನಿದ್ದಾಗ ಸೋದರಮಾವ ಹೇಗೋ ಪಾಸು ಹೊಂದಿಸಿ ಮೈಸೂರು ಅರಮನೆಯ ವಜ್ರಮುಷ್ಟಿ ಕಾಳಗಕ್ಕೆ ಕರೆದೊಯ್ದಿದ್ದರು. ಬೋಳುತಲೆಯ ಜಟ್ಟಿಗಳು, ಬೆರಳಿಗೆ ತೊಟ್ಟ ಮೊನಚು ಮುಷ್ಟಿಯಾಯುಧ. ನಾನು ಕತ್ತು ಉದ್ದ ಮಾಡುವಷ್ಟರಲ್ಲಿ ಒಬ್ಬರ ನೆತ್ತಿಯಲ್ಲಿ ರಕ್ತ ಕಂಡಿತು, ಅಲ್ಲಿಗೆ ಮುಗಿಯಿತು. "ಇಷ್ಟೇನಾ?" ಅಂದದ್ದಕ್ಕೆ ಮಾವನ ಕೈಯಿಂದ ತಲೆಗೊಂದು ಮೊಟಕು.

ಚಿಕ್ಕಪ್ಪನ ಮಗ ವಿಜಯನಗರದಲ್ಲಿ ಕಿಕ್‌ಬಾಕ್ಸಿಂಗ್ ಕಲಿಸುತ್ತಾನೆ, ವರ್ಷಕ್ಕೊಂದು ಪಂದ್ಯವನ್ನೂ ಇಡುತ್ತಾನೆ. ಫೋನ್ ಮಾಡಿ, "ಲೋ, ನಿನ್ನ ಪಂದ್ಯಕ್ಕೆ ಡಾಕ್ಟರು, ಆಂಬುಲೆನ್ಸು ಇರುತ್ತೇನೋ?" ಅಂದೆ.

"ಎಂಟ್ರಿ ಫೀಸು ಟ್ರೋಫಿಗೇ ಸಾಲಲ್ಲ ಅಣ್ಣ. ದಿನವಿಡೀ ಆಂಬುಲೆನ್ಸ್ ನಿಲ್ಲಿಸಿದ್ರೆ ಬಾಡಿಗೆ ಯಾರು ಕೊಡ್ತಾರೆ?"

"ಹಾಗಾದ್ರೆ ಫ್ಲೆಕ್ಸ್ ಕಡಿಮೆ ಹಾಕಿಸು."

"ಫ್ಲೆಕ್ಸ್ ಇಲ್ಲದಿದ್ರೆ ಮಾಜಿ ಕಾರ್ಪೊರೇಟರ್ ಬರಲ್ಲ. ಅವರು ಬರಲ್ಲ ಅಂದ್ರೆ ಹಾಲೇ ಸಿಗಲ್ಲ. ಅಲ್ಲಿ ಕೂತ್ಕೊಂಡು ನಿಂಗೆ ಹೇಳೋದು ಸುಲಭ ಬಿಡಣ್ಣ."

ಸುಲಭವೇ, ಒಪ್ಪಿದೆ. ಈ ಸಲದ ಆಂಬುಲೆನ್ಸ್ ಬಾಡಿಗೆ ನಾನು ಕೊಡ್ತೀನಿ, ಫ್ಲೆಕ್ಸಿನಲ್ಲಿ ನನ್ನ ಫೋಟೊ ಮಾತ್ರ ಹಾಕಬೇಡ ಅಂದೆ.